ಆಳದ ಎರಿ, ಉದ್ದದ ಪೆಟ್ಟಿಗೆ

ಲ್ಯಾಂಗ್‌ಸ್ಟ್ರಾತ್ ಜೇನುಪೆಟ್ಟಿಗೆಯ ಒಂದು ಆಳದ ಅಂತಸ್ತು ಜೇನು ತುಂಬಿದರೆ 35ರಿಂದ 40 ಕಿಲೊ ತೂಗುತ್ತದೆ. ತಳದ ಮರಿಕೋಣೆ ನೋಡಲು ಮೇಲಿನದನ್ನೆಲ್ಲ ಇಳಿಸಬೇಕು, ಮತ್ತೆ ಏರಿಸಬೇಕು. ಅಡ್ಡಪೆಟ್ಟಿಗೆಯಲ್ಲಿ ಮುಚ್ಚಳ ಎತ್ತಿದರೆ ಸಾಕು, ಎಲ್ಲ ಎರಿಗಳೂ ಒಂದೇ ಸಾಲಿನಲ್ಲಿ ಕೈಗೆ ಸಿಗುತ್ತವೆ. ಬೆನ್ನುನೋವಿರುವ ಕೃಷಿಕರು ಇದಕ್ಕೆ ಒಲಿಯುವುದು ಸಹಜ. ಜೇನುಹುಳುಗಳಿಗೆ ಮಾತ್ರ ಪೆಟ್ಟಿಗೆಯ ಉದ್ದಕ್ಕಿಂತ ಎರಿಯ ಆಳವೇ ಮುಖ್ಯ.

ರಷ್ಯಾದ ಜೇನುಸಾಕಣೆಗಾರ ಫ್ಯೋದರ್ ಲಜೂತಿನ್ ತಮ್ಮ ಅಡ್ಡಪೆಟ್ಟಿಗೆಗೆ ಬಲು ಆಳದ ಚೌಕಟ್ಟನ್ನು ಆರಿಸಿಕೊಂಡರು. ಅಗಲ 435, ಆಳ ಸುಮಾರು 470 ಮಿಲಿಮೀಟರ್! ಲ್ಯಾಂಗ್‌ಸ್ಟ್ರಾತ್‌ನ ಆಳದ ಚೌಕಟ್ಟು ಇದರ ಅರ್ಧದಷ್ಟೇ ಇಳಿಯುತ್ತದೆ.

ಇಷ್ಟು ಆಳ ಏಕೆಂಬುದಕ್ಕೆ ಉತ್ತರ ಅಲ್ಲಿನ ಚಳಿಗಾಲದಲ್ಲಿದೆ. ಹಿಮ ಬಿದ್ದಾಗ ಜೇನುಹುಳುಗಳು ಒತ್ತೊತ್ತಾಗಿ ಗುಂಪುಗೂಡಿ, ಹಾರಾಟದ ಸ್ನಾಯುಗಳನ್ನು ನಡುಗಿಸಿ ಕಾವು ಹುಟ್ಟಿಸುತ್ತವೆ. ಆ ಕಾವು ಮೇಲೇರಿ ತಲೆಯ ಮೇಲಿನ ಜೇನನ್ನು ಬೆಚ್ಚಗಿಡುತ್ತದೆ. ಜೇನು ಖರ್ಚಾದಂತೆ ಗುಂಪು ಇಂಚಿಂಚಾಗಿ ಮೇಲೆ ಸರಿಯುತ್ತದೆ. ಎರಿ ಅಖಂಡವಾಗಿದ್ದರೆ ದಾರಿ ಸಲೀಸು. ಅಂತಸ್ತಿನ ಪೆಟ್ಟಿಗೆಯಲ್ಲಾದರೋ ನಡುವೆ ಮರದ ಪಟ್ಟಿ, ಖಾಲಿ ಜಾಗ ಅಡ್ಡ ಬರುತ್ತವೆ. ಕಡುಚಳಿಯಲ್ಲಿ ಪಕ್ಕದ ಎರಿಗೆ ದಾಟುವುದೂ ಕಷ್ಟ. ಬೆರಳಳತೆಯ ದೂರದಲ್ಲಿ ಜೇನಿದ್ದರೂ ಹುಳುಗಳು ಹಸಿದು ಸಾಯುವುದುಂಟು.

ಹತ್ತೊಂಬತ್ತನೇ ಶತಮಾನದ ಫ್ರೆಂಚ್ ಸಸ್ಯವಿಜ್ಞಾನಿ ಜಾರ್ಜ್ ದ ಲೆಯಾನ್ಸ್ ಕೂಡ ಇದೇ ದಾರಿ ಹಿಡಿದಿದ್ದರು. ಅವರ ಚೌಕಟ್ಟು ಅಗಲಕ್ಕಿಂತ ಆಳವೇ ಹೆಚ್ಚಿರುವಂಥದು. ವಸಂತದಲ್ಲೊಮ್ಮೆ, ಶರತ್ತಿನಲ್ಲೊಮ್ಮೆ ತೆರೆದರೆ ಸಾಕೆನ್ನುವ ಸರಳ ಸಾಕಣೆ ಅವರದು. ಸ್ಪೇನಿನಲ್ಲಿ ಲೆಯಾನ್ಸ್ ಪೆಟ್ಟಿಗೆ ಇಂದಿಗೂ ಬಳಕೆಯಲ್ಲಿದೆ. ಅಮೆರಿಕದ ಮಿಸೌರಿಯಲ್ಲಿ ಲಿಯೋ ಶರಾಷ್ಕಿನ್ ಇವೆರಡೂ ಪದ್ಧತಿಗಳನ್ನು ಹೊಸಬರಿಗೆ ಪರಿಚಯಿಸುತ್ತಿದ್ದಾರೆ.

ತೊಡಕುಗಳೂ ಸಣ್ಣವಲ್ಲ. ಲಜೂತಿನ್ ಅಳತೆಯ ಚೌಕಟ್ಟು ಸಾಮಾನ್ಯ ಜೇನು ತೆಗೆಯುವ ಯಂತ್ರದಲ್ಲಿ ಕೂರುವುದಿಲ್ಲ. ಹೊಸ ಮೇಣದ ಎರಿಯನ್ನು ಬಿಸಿಲಿನಲ್ಲಿ ಅಡ್ಡ ಹಿಡಿದರೆ ತನ್ನ ಭಾರಕ್ಕೆ ತಾನೇ ಕಳಚಿ ಬೀಳುತ್ತದೆ. ಎತ್ತುವಾಗ, ತಿರುಗಿಸುವಾಗ ಅದು ನೆಟ್ಟಗೇ ಇರಬೇಕು. ಹೂವಿನ ಬೆನ್ನುಹತ್ತಿ ಊರೂರಿಗೆ ಪೆಟ್ಟಿಗೆ ಸಾಗಿಸುವವರಿಗೆ ಈ ಭಾರೀ ಗಾತ್ರ ಒಗ್ಗದು.

ಕೊಡಗು, ಮಲೆನಾಡಿನ ತುಡುವೆ ಜೇನಿನ ಸಾಕಣೆಗೆ ಈ ಅಳತೆಯನ್ನು ಹಾಗೆಯೇ ತರುವುದು ತಪ್ಪಾದೀತು. ತುಡುವೆಯ ಸಂಸಾರ ಚಿಕ್ಕದು. ತಿರುಚಿನಾಪಳ್ಳಿಯ ಪಾದ್ರಿ ನ್ಯೂಟನ್ ರೂಪಿಸಿದ ಪೆಟ್ಟಿಗೆಯ ಚೌಕಟ್ಟು ಗೇಣಿಗಿಂತ ಕಡಿಮೆ ಆಳದ್ದು, ಅದೇ ತುಡುವೆಗೆ ತಕ್ಕದ್ದು. ಇಲ್ಲಿ ಹುಳುಗಳನ್ನು ಗೂಡಿನೊಳಗೆ ಕಟ್ಟಿಹಾಕುವುದು ಹಿಮವಲ್ಲ, ಬಿಡದೆ ಸುರಿಯುವ ಮಳೆ. ಪದೇ ಪದೇ ಕೆದಕಿದರೆ ತುಡುವೆ ಗೂಡು ಬಿಟ್ಟೇ ಹೋಗುತ್ತದೆ. ಹಾಗಾಗಿ ಲೆಯಾನ್ಸ್‌ರಿಂದ ಮಲೆನಾಡಿನವರು ಪಡೆಯಬೇಕಾದ್ದು ಚೌಕಟ್ಟಿನ ಅಳತೆಯನ್ನಲ್ಲ, ಮುಚ್ಚಳವನ್ನು ಅಪರೂಪಕ್ಕೆ ತೆರೆಯುವ ಅವರ ಸಂಯಮವನ್ನು.