ಹದಿನೆಂಟಕ್ಕೆ ಹದಿನೆಂಟು

ಬೆಂಗಳೂರಿನ ಎಸ್.ಪಿ. ರೋಡಾಗಲಿ, ತಾಲ್ಲೂಕು ಕೇಂದ್ರದ ಅಂಗಡಿಯಾಗಲಿ, ಮನೆಗೆ ಕಂಪ್ಯೂಟರ್ ಕೊಂಡವರ ಬಿಲ್ಲಿನ ಕೊನೆಗೆ ಆ್ಯಂಟಿವೈರಸ್ ಎಂಬ ಸಾಲೊಂದು ತಾನಾಗಿ ಬಂದು ಕೂತಿರುತ್ತದೆ. ಮಾನಿಟರಿನ ಅಳತೆಯಿಂದ ಮೌಸಿನ ವೈರಿನವರೆಗೆ ಚೌಕಾಸಿ ಮಾಡಿದವರೂ ಅದನ್ನು ಮಾತ್ರ ಪ್ರಶ್ನಿಸುವುದಿಲ್ಲ. ಎಕ್ಸ್‌ಪಿ ಕಾಲದಲ್ಲಿ ಈ ರೂಢಿಗೆ ಕಾರಣವಿತ್ತು. ಆಗ ವಿಂಡೋಸಿನಲ್ಲಿ ಸ್ವಂತದ್ದೆಂಬ ಆ್ಯಂಟಿವೈರಸ್ ಇರಲಿಲ್ಲ, ಪೆನ್‌ಡ್ರೈವ್ ಚುಚ್ಚಿದರೆ ಆಟೋರನ್ ಹಿಡಿದು ವೈರಸ್ ಒಳಗೆ ನುಗ್ಗುತ್ತಿತ್ತು. ಪುಣೆಯ ರಿಪೇರಿ ಅಂಗಡಿಯೊಂದರಿಂದ ಬೆಳೆದು 2016ರಲ್ಲಿ ಷೇರುಪೇಟೆ ಸೇರಿದ ಕ್ವಿಕ್ ಹೀಲ್‌ನಂಥ ಕಂಪನಿಗಳು ಆ ಅಗತ್ಯವನ್ನು ನ್ಯಾಯವಾಗಿಯೇ ಪೂರೈಸಿದವು. ಆದರೆ 2012ರ ವಿಂಡೋಸ್ 8ರಿಂದ ಡಿಫೆಂಡರ್ ಎಂಬ ಪೂರ್ಣ ಪ್ರಮಾಣದ ಆ್ಯಂಟಿವೈರಸ್ ವಿಂಡೋಸಿನ ಜೊತೆಗೇ ಬರುತ್ತಿದೆ. ಅಗತ್ಯ ಹೋದರೂ ಪ್ರತಿಷ್ಠೆ ಉಳಿಯಿತು. ಮನೆಬಳಕೆಯ ವಿಂಡೋಸ್ ಕಂಪ್ಯೂಟರಿಗೆ ಹಣ ಕೊಟ್ಟು ಆ್ಯಂಟಿವೈರಸ್ ಕೊಳ್ಳುವುದು ಇವತ್ತು ಬಹುಮಟ್ಟಿಗೆ ವ್ಯರ್ಥ ಖರ್ಚು ಎಂಬುದು ನನ್ನ ವಾದ.

ಇದಕ್ಕೆ ಬರುವ ಮೊದಲ ಉತ್ತರ ಅಂಕಪಟ್ಟಿ. ಜರ್ಮನಿಯ ಮ್ಯಾಗ್ಡೆಬರ್ಗಿನ ಎವಿ-ಟೆಸ್ಟ್ ಸಂಸ್ಥೆಯ ಅಂಕಗಳು ಆ್ಯಂಟಿವೈರಸ್ಸಿನ ಡಬ್ಬದ ಮೇಲೂ ಜಾಹೀರಾತಿನಲ್ಲೂ ಮೆರೆಯುತ್ತವೆ. ರಕ್ಷಣೆ, ವೇಗ, ಬಳಕೆಯೋಗ್ಯತೆ ಎಂಬ ಮೂರು ವಿಭಾಗಕ್ಕೆ ತಲಾ ಆರರಂತೆ ಒಟ್ಟು 18 ಅಂಕ. ಹದಿನೇಳೂವರೆ ಅಥವಾ ಹೆಚ್ಚು ಬಂದವರಿಗೆ ‘ಟಾಪ್ ಪ್ರಾಡಕ್ಟ್’ ಬಿರುದು. ಇತ್ತೀಚಿನ ವರ್ಷಗಳ ಪಟ್ಟಿಗಳನ್ನು ನೋಡಿದರೆ ಪರೀಕ್ಷೆಗೆ ಕೂತವರಲ್ಲಿ ಹೆಚ್ಚಿನವರು ಈ ಗೆರೆಯ ಮೇಲೆಯೇ ಇದ್ದಾರೆ. ತರಗತಿಗೆ ತರಗತಿಯೇ ಡಿಸ್ಟಿಂಕ್ಷನ್ ತೆಗೆದ ಮೇಲೆ ಆ ಅಂಕಪಟ್ಟಿ ಹಿಡಿದು ಯಾರನ್ನು ಆರಿಸುವುದು? ಡಿಫೆಂಡರಿಗೂ ಅಲ್ಲಿ ಎಷ್ಟೋ ಸಲ ಹದಿನೆಂಟಕ್ಕೆ ಹದಿನೆಂಟು ಬಂದಿದೆ. 2013-14ರ ಸುಮಾರಿಗೆ ಮೈಕ್ರೋಸಾಫ್ಟಿನ ಇದೇ ಎಂಜಿನ್ನಿಗೆ ರಕ್ಷಣೆಯ ವಿಭಾಗದಲ್ಲಿ ಸೊನ್ನೆ ಸಿಕ್ಕಿತ್ತು ಎಂಬುದನ್ನು ಅಂಗಡಿಯವರು ಇನ್ನೂ ಮರೆತಿಲ್ಲ. ಆಮೇಲೆ ಬಂದ ಅಂಕಗಳನ್ನು ಅವರು ಓದಿದಂತಿಲ್ಲ.

ನನ್ನ ತಕರಾರು ಹೆಚ್ಚಾಗಿ ಇರುವುದು ಮೂರನೆಯ ವಿಭಾಗದ ಬಗ್ಗೆ. ಬಳಕೆಯೋಗ್ಯತೆ ಎಂದರೆ ತಂತ್ರಾಂಶ ಬಳಸಲು ಸುಲಭವೇ, ಕಿರಿಕಿರಿ ಮಾಡುತ್ತದೆಯೇ, ಮರ್ಯಾದೆಯಿಂದ ನಡೆದುಕೊಳ್ಳುತ್ತದೆಯೇ ಎಂಬ ಅಳತೆ ಇರಬೇಕೆಂದು ಯಾರಾದರೂ ಭಾವಿಸುತ್ತಾರೆ. ಪರೀಕ್ಷೆಯ ವಿವರಣೆ ಓದಿದರೆ ಅಲ್ಲಿ ಎಣಿಸುವುದು ಸುಳ್ಳು ಎಚ್ಚರಿಕೆಗಳನ್ನಷ್ಟೇ: ಒಳ್ಳೆಯ ಜಾಲತಾಣವನ್ನು ತಡೆಯಿತೇ, ಒಳ್ಳೆಯ ಫೈಲನ್ನು ವೈರಸ್ ಎಂದಿತೇ, ಒಳ್ಳೆಯ ತಂತ್ರಾಂಶ ಹಾಕುವಾಗ ಅಡ್ಡ ಬಂದಿತೇ. ಇದು ಮುಖ್ಯವಲ್ಲವೆಂದಲ್ಲ. ಒತ್ತಿದ ಕೀಲಿಗಳನ್ನು ಹಿಡಿದು ಕನ್ನಡ ಅಕ್ಷರವಾಗಿಸುವ ತಂತ್ರಾಂಶ ಮಾಡುವುದೂ ಕೀಲಿ ಕದಿಯುವ ಕೀಲಾಗರ್ ಮಾಡುವುದೂ ಮೇಲ್ನೋಟಕ್ಕೆ ಒಂದೇ ಕೆಲಸ; ಅವೆರಡನ್ನೂ ಬೇರೆ ಮಾಡಿ ನೋಡಬಲ್ಲ ಎಂಜಿನ್ ನಮಗೆ ಬೇಕೇ ಬೇಕು. ಆದರೆ ನವೀಕರಣದ ಪಾಪ್‌ಅಪ್ ದಿನಕ್ಕೆಷ್ಟು ಸಲ ಹಾರಿ ಬಂತು, ಕೇಳದೆ ಬ್ರೌಸರಿಗೆ ಏನನ್ನು ಅಂಟಿಸಿತು, ನಮ್ಮ ಮಾಹಿತಿಯನ್ನು ಯಾರಿಗೆ ಕೊಟ್ಟಿತು ಎಂಬುದಕ್ಕೆ ಆ ಆರು ಅಂಕಗಳಲ್ಲಿ ಅರ್ಧ ಅಂಕವೂ ಕಳೆಯುವುದಿಲ್ಲ.

ಇದು ಬರೀ ಸೂಕ್ಷ್ಮದ ಮಾತಲ್ಲ. ಅವಾಸ್ಟ್ ಕಂಪನಿ ತನ್ನ ಬಳಕೆದಾರರ ಬ್ರೌಸಿಂಗ್ ವಿವರಗಳನ್ನು ಜಂಪ್‌ಶಾಟ್ ಎಂಬ ಅಂಗಸಂಸ್ಥೆಯ ಮೂಲಕ ಮಾರುತ್ತಿತ್ತು. 2020ರ ಜನವರಿಯಲ್ಲಿ ಪತ್ರಕರ್ತರು ಅದನ್ನು ಬಯಲು ಮಾಡಿದ ಮೇಲೆ ಜಂಪ್‌ಶಾಟ್ ಮುಚ್ಚಿತು. 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1.65 ಕೋಟಿ ಡಾಲರ್ ಕಟ್ಟಿಸಿತು. ಅಷ್ಟೂ ವರ್ಷ ಅವಾಸ್ಟ್ ಪರೀಕ್ಷಾ ಪ್ರಮಾಣಪತ್ರಗಳನ್ನು ಪಡೆಯುತ್ತಲೇ ಇತ್ತು. 2021ರಲ್ಲಿ ನಾರ್ಟನ್ ತನ್ನ ಆ್ಯಂಟಿವೈರಸ್ಸಿನೊಳಗೇ ಇಥೀರಿಯಂ ಗಣಿಗಾರಿಕೆಯ ಸೌಲಭ್ಯ ಸೇರಿಸಿ, ಬಳಕೆದಾರರ ಗಳಿಕೆಯಲ್ಲಿ ಶೇ. 15 ತನಗೆಂದು ಇಟ್ಟುಕೊಂಡಿತು. ಈಗ ನಾರ್ಟನ್, ಅವಾಸ್ಟ್, ಎವಿಜಿ, ಅವಿರಾ ನಾಲ್ಕೂ ಜೆನ್ ಡಿಜಿಟಲ್ ಎಂಬ ಒಂದೇ ಮನೆಯವು. ಕ್ಯಾಸ್ಪರ್‌ಸ್ಕೀ ಮಾರಾಟವನ್ನು ಅಮೆರಿಕ 2024ರಲ್ಲಿ ನಿಷೇಧಿಸಿದಾಗ ಅಲ್ಲಿನ ಎಷ್ಟೋ ಗ್ರಾಹಕರ ಕಂಪ್ಯೂಟರಿನಲ್ಲಿ ಅಲ್ಟ್ರಾಎವಿ ಎಂಬ ಬೇರೊಂದು ತಂತ್ರಾಂಶ ತಾನೇ ಬಂದು ಕೂತಿತ್ತು. ನಿಷೇಧದ ರಾಜಕೀಯ ಹೇಗಾದರೂ ಇರಲಿ, ಇನ್‌ಸ್ಟಾಲ್ ಮಾಡುವ ದಿನ ನಾವು ಕೊಡುವ ಅನುಮತಿ ಎಷ್ಟು ಆಳದ್ದು ಎಂಬುದು ಅಲ್ಲಿ ಕಾಣುತ್ತದೆ. ಯಂತ್ರದ ಪ್ರತಿ ಫೈಲನ್ನೂ ಓದಬಲ್ಲ, ತನ್ನ ಬದಲಿಗೆ ಇನ್ನೊಂದನ್ನು ಕೂರಿಸಬಲ್ಲ ಅಧಿಕಾರ ಅದು.

ಇಷ್ಟಾದರೂ ವಿಮರ್ಶಕರೇಕೆ ‘ಈ ವರ್ಷದ ಹತ್ತು ಅತ್ಯುತ್ತಮ ಆ್ಯಂಟಿವೈರಸ್’ ಪಟ್ಟಿ ಹೊಸೆಯುವುದನ್ನು ನಿಲ್ಲಿಸಿಲ್ಲ? ಡಿಫೆಂಡರನ್ನು ಹೊಗಳಿದರೆ ಯಾರೂ ಕಮಿಷನ್ ಕೊಡುವುದಿಲ್ಲ, ಅದಕ್ಕೆ. ಆ ಪಟ್ಟಿಗಳ ಬಹುಪಾಲು ‘ಖರೀದಿಸಿ’ ಗುಂಡಿಗಳ ಹಿಂದೆ ಅಫಿಲಿಯೇಟ್ ಕೊಂಡಿ ಇರುತ್ತದೆ. ಪುಟದ ಅಡಿಯಲ್ಲಿ ಸಣ್ಣಕ್ಷರದಲ್ಲಿ ಅದನ್ನು ಒಪ್ಪಿಕೊಂಡಿರುವುದೂ ಉಂಟು. ಇಂಟೆಗೊ ಆ್ಯಂಟಿವೈರಸ್ಸಿನ ಒಡೆತನವಿದ್ದ ಕೇಪ್ ಟೆಕ್ನಾಲಜೀಸ್ 2021ರಲ್ಲಿ ವೆಬ್‌ಸೆಲೆನೀಸ್ ಎಂಬ ಕಂಪನಿಯನ್ನು ಕೊಂಡುಕೊಂಡಿತು. ವಿಪಿಎನ್‌ಮೆಂಟರ್, ವಿಜ್‌ಕೇಸ್ ಎಂಬ ವಿಮರ್ಶಾ ತಾಣಗಳು ಅದರವು. ಸರಕು ಮಾಡುವವರೂ ಅದಕ್ಕೆ ಅಂಕ ಕೊಡುವವರೂ ಒಂದೇ ಸೂರಿನಡಿ ಸೇರಿದ ಮೇಲೆ ಅದನ್ನು ವಿಮರ್ಶೆ ಎನ್ನಲು ನನಗೆ ಬಾಯಿ ಬಾರದು. ಇನ್ನೊಂದು ಪಂಗಡದವರಿದ್ದಾರೆ: ಬುದ್ಧಿ ಇದ್ದವರಿಗೆ ಆ್ಯಂಟಿವೈರಸ್ಸೇ ಬೇಡ ಎನ್ನುವವರು. ಅವರದು ಬರೀ ಜಂಬ. 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಹಾಕಿ ಒತ್ತೆಹಣ ಕೇಳುವ ವಾನಾಕ್ರೈ ರ‍್ಯಾನ್ಸಮ್‌ವೇರ್ ಹಬ್ಬಿದ್ದು ಯಾರೋ ಪೆದ್ದರು ಎಲ್ಲೋ ಕ್ಲಿಕ್ ಮಾಡಿದ್ದರಿಂದಲ್ಲ. ಜಾಲದ ಮೂಲಕ ಅದು ತಾನಾಗಿ ಯಂತ್ರದಿಂದ ಯಂತ್ರಕ್ಕೆ ಹರಿಯಿತು. ಆ ರಂಧ್ರ ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಎರಡು ತಿಂಗಳು ಮುಂಚೆಯೇ ಕೊಟ್ಟಿತ್ತು ಎಂಬುದು ನನ್ನ ವಾದಕ್ಕೆ ಬೇಕಾದ ಮಾತು: ಅಪ್‌ಡೇಟ್ ಹಾಕಿಕೊಂಡವರಿಗೆ ಡಬ್ಬದ ಹಂಗಿರಲಿಲ್ಲ.

ಎಲ್ಲರೂ ಒಂದೇ ಡಿಫೆಂಡರ್ ಬಳಸಿದರೆ ಕಳ್ಳರು ಅದೊಂದನ್ನೇ ಗುರಿಯಿಟ್ಟು ದಾಟಲು ಕಲಿಯುತ್ತಾರೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಮೇಲಿಂದ ಇನ್ನೊಂದನ್ನು ಹಾಕಿದರೆ ಕಾವಲು ಇಮ್ಮಡಿಯಾಗುವುದಿಲ್ಲ. ಬೇರೆ ಆ್ಯಂಟಿವೈರಸ್ ಬಂದೊಡನೆ ಮನೆಯ ವಿಂಡೋಸಿನಲ್ಲಿ ಡಿಫೆಂಡರ್ ಹಿಂದೆ ಸರಿಯುತ್ತದೆ. ಜೊತೆಗೆ ಕಾವಲುಗಾರನಲ್ಲೇ ಬಿರುಕಿರಬಹುದು. ಗೂಗಲ್‌ನಲ್ಲಿ ತಂತ್ರಾಂಶದ ದೋಷ ಹುಡುಕುವ ಪ್ರಾಜೆಕ್ಟ್ ಝೀರೋ ತಂಡದ ಟೇವಿಸ್ ಆರ್ಮಂಡಿ 2016ರಲ್ಲಿ ಸಿಮ್ಯಾಂಟೆಕ್ ತಂತ್ರಾಂಶದಲ್ಲಿ ತೋರಿಸಿದ ದೋಷಗಳು ಹೇಗಿದ್ದವೆಂದರೆ, ಕೇಡಿನ ಫೈಲೊಂದು ಮಿಂಚಂಚೆಯಲ್ಲಿ ಬಂದರೆ ಸಾಕು, ನಾವು ತೆರೆಯದಿದ್ದರೂ ಅದನ್ನು ತಪಾಸಣೆ ಮಾಡಲು ಹೋದ ಆ್ಯಂಟಿವೈರಸ್ಸೇ ಬಾಗಿಲು ತೆಗೆದುಕೊಡುತ್ತಿತ್ತು. ಮರುವರ್ಷ ಮೈಕ್ರೋಸಾಫ್ಟಿನ ಎಂಜಿನ್ನಿನಲ್ಲೂ ಅಂಥ ದೋಷ ಸಿಕ್ಕಿತು, ನಿಜ. ಆದರೆ ಅದು ಹೇಗಿದ್ದರೂ ಯಂತ್ರದಲ್ಲಿ ಇರುವಂಥದ್ದು. ಹಣ ಕೊಟ್ಟು ಇನ್ನೊಂದನ್ನು ತರುವುದು ನಾವೇ ಆರಿಸಿಕೊಂಡ ಅಪಾಯ.

ಇನ್ನು ನಮ್ಮಲ್ಲಿ ಹಣ ಹೋಗುತ್ತಿರುವ ದಾರಿಗಳನ್ನೇ ನೋಡಿ. ಡಿಜಿಟಲ್ ಅರೆಸ್ಟ್ ಎಂದು ವಿಡಿಯೋ ಕಾಲಿನಲ್ಲಿ ಹೆದರಿಸುವುದು, ಮದುವೆ ಕರೆಯೋಲೆಯ ಹೆಸರಿನಲ್ಲಿ ವಾಟ್ಸ್ಆ್ಯಪ್‌ಗೆ ಬರುವ ಎಪಿಕೆ ಫೈಲು, ಬ್ಯಾಂಕಿನವರೆಂದು ಹೇಳಿ ದೂರದಿಂದಲೇ ಯಂತ್ರ ನಡೆಸಲು ಬಿಡುವ ಎನಿಡೆಸ್ಕ್ ಹಾಕಿಸುವುದು. ಮೊದಲೆರಡು ನಡೆಯುವುದು ಸಾಮಾನ್ಯವಾಗಿ ಫೋನಿನಲ್ಲಿ. ಮೂರನೆಯದರಲ್ಲಿ ಬಳಸುವುದು ಕಾನೂನುಬದ್ಧ ತಂತ್ರಾಂಶ, ಹಾಕಿಕೊಂಡವರು ಮನೆಯವರೇ. ಆ್ಯಂಟಿವೈರಸ್ ಅಡ್ಡ ಬರುವುದು ಅಪರೂಪ. ಹಣ ಹೋದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕೆಂದು ಮನೆಯ ಹಿರಿಯರಿಗೆ ಹೇಳಿಕೊಟ್ಟಿದ್ದರೆ ಡಬ್ಬಕ್ಕಿಂತ ಅದರಿಂದ ಉಪಯೋಗ ಹೆಚ್ಚು. ಡಬ್ಬದ ದುಡ್ಡನ್ನು ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನ ಕಡೆಗೆ ತಿರುಗಿಸಿ, ಫೋಟೋ-ಕಾಗದಪತ್ರಗಳ ಪ್ರತಿ ತೆಗೆದು, ತಂತಿ ಬಿಚ್ಚಿ ಬೀರುವಿನಲ್ಲಿಟ್ಟರೆ ರ‍್ಯಾನ್ಸಮ್‌ವೇರ್ ಬಂದರೂ ಕಳೆದುಕೊಳ್ಳುವುದು ಕಡಿಮೆ. ದಿನಬಳಕೆಗೆ ಅಡ್ಮಿನ್ ಅಲ್ಲದ ಬೇರೆ ಅಕೌಂಟ್ ಮಾಡಿಕೊಳ್ಳಲು ಪೈಸೆಯೂ ಬೇಡ. ಕ್ರ್ಯಾಕ್ ಮಾಡಿದ ವಿಂಡೋಸ್ ಹಾಕಲು ಡಿಫೆಂಡರ್ ಆಫ್ ಮಾಡಿ ಎನ್ನುವ ಅಂಗಡಿಯವನೇ ಆಮೇಲೆ ಆ್ಯಂಟಿವೈರಸ್ ಮಾರುವುದಾದರೆ, ಅವನ ಸಲಹೆಯ ಬೆಲೆ ಎಷ್ಟೆಂದು ಹೇಳಬೇಕಾಗಿಲ್ಲ.

ಒಂದು ಕಡೆ ಮಾತ್ರ ನನ್ನ ವಾದ ಸಡಿಲವಾಗುತ್ತದೆ. ಡಿಫೆಂಡರಿನ ಬಲದ ದೊಡ್ಡ ಪಾಲು ಮೈಕ್ರೋಸಾಫ್ಟಿನ ಸರ್ವರುಗಳಲ್ಲಿದೆ. ಆಸ್ಟ್ರಿಯದ ಎವಿ-ಕಂಪ್ಯಾರಟಿವ್ಸ್ ನಡೆಸುವ ಪರೀಕ್ಷೆಗಳಲ್ಲಿ ಇಂಟರ್ನೆಟ್ ಕಡಿದಾಗ ಅದು ಹಿಡಿಯುವ ವೈರಸ್ಸುಗಳ ಪ್ರಮಾಣ ಕಣ್ಣಿಗೆ ಹೊಡೆಯುವಷ್ಟು ಇಳಿಯುತ್ತದೆ; ಬಿಟ್‌ಡಿಫೆಂಡರಿನಂಥವು ಆಗಲೂ ಗಟ್ಟಿಯಾಗಿ ನಿಲ್ಲುತ್ತವೆ. ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎನ್ನುವ ಮಲೆನಾಡಿನ ಮನೆಯಲ್ಲಿ, ಜೆರಾಕ್ಸ್ ಅಂಗಡಿಯಿಂದ ಬಂದ ಪೆನ್‌ಡ್ರೈವನ್ನೇ ದಿನವೂ ಚುಚ್ಚುವ ಕಂಪ್ಯೂಟರಿದ್ದರೆ ಅದಕ್ಕೆ ಹಣ ಕೊಟ್ಟು ಕೊಂಡದ್ದನ್ನು ದಂಡ ಎನ್ನಲಾರೆ. ಅಲ್ಲೂ ಮೂರು ವರ್ಷದ ಪ್ಯಾಕ್ ಬೇಡ, ಒಂದು ವರ್ಷದ್ದೇ ಸಾಕು. ಕೊಂಡ ದಿನವೇ ಆಟೋ ರಿನ್ಯೂವಲ್ ಆಫ್ ಮಾಡಿಬಿಡಬೇಕು.