ರಕ್ತದ ಬಣ್ಣ, ಆಟದ ಕಟ್ಟಳೆ

1993ರಲ್ಲಿ ‘ಮಾರ್ಟಲ್ ಕಾಂಬ್ಯಾಟ್’ ಎಂಬ ಹೊಡೆದಾಟದ ಗೇಮು ಮನೆಯ ಟೀವಿಗೆ ಬಂತು. ಅದರ ಹಿಂದಿನ ವರ್ಷವೇ ಆರ್ಕೇಡ್‌ಗಳಲ್ಲಿ ಹೆಸರು ಮಾಡಿದ್ದ ಆಟ. ಗುದ್ದಿದರೆ ರಕ್ತ ಚಿಮ್ಮುತ್ತದೆ ಎಂಬುದೇ ಅದರ ಕೀರ್ತಿ, ಅದೇ ಅಪಕೀರ್ತಿ. ನಿಂಟೆಂಡೊ ಕಂಪನಿ ತನ್ನ ಯಂತ್ರಕ್ಕೆ ಬಂದ ಆವೃತ್ತಿಯಲ್ಲಿ ಕೆಂಪನ್ನು ತೆಗೆಸಿ ಬೂದು ಬಣ್ಣ ಹಾಕಿಸಿತು. ರಕ್ತ ಬೆವರಾಯಿತು. ಎದುರಾಳಿ ಸೆಗಾ ಯಂತ್ರದಲ್ಲಿ ಮಾತ್ರ ಒಂದು ಗುಪ್ತ ಸಂಕೇತ ಒತ್ತಿದರೆ ರಕ್ತ ಮರಳಿ ಬರುತ್ತಿತ್ತು. ಅದೇ ಡಿಸೆಂಬರಿನಲ್ಲಿ ಅಮೆರಿಕದ ಸೆನೆಟರುಗಳಾದ ಜೋ ಲೀಬರ್‌ಮನ್ ಮತ್ತು ಹರ್ಬ್ ಕೋಲ್ ವಿಚಾರಣೆ ನಡೆಸಿದರು. ಮರುವರ್ಷ ಗೇಮುಗಳ ಮೇಲೆ ವಯಸ್ಸಿನ ಮುದ್ರೆ ಒತ್ತುವ ಇಎಸ್‌ಆರ್‌ಬಿ ಹುಟ್ಟಿತು. ಮಾರ್ಟಲ್ ಕಾಂಬ್ಯಾಟ್ ಮನೆಗೆ ಬಂದ 28 ವರ್ಷಕ್ಕೆ, 2021ರ ಜುಲೈನಲ್ಲಿ, ನಿಷೇಧಗೊಂಡಿದ್ದ ಪಬ್‌ಜಿಯ ಜಾಗಕ್ಕೆ ಭಾರತದಲ್ಲಿ ಬಿಜಿಎಂಐ ಬಂತು. ಅದರಲ್ಲಿ ರಕ್ತ ಹಸಿರು. ‘ಕಿಲ್’ ಎಂದಿದ್ದಲ್ಲಿ ‘ಫಿನಿಶ್’. ನೂರು ಜನ ದ್ವೀಪಕ್ಕೆ ಇಳಿದು, ಕುಗ್ಗುತ್ತ ಬರುವ ವೃತ್ತದೊಳಗೆ ಕೊನೆಯ ತಂಡ ಉಳಿಯುವ ತನಕ ಒಬ್ಬರನ್ನೊಬ್ಬರು ಮುಗಿಸುವ ಕಟ್ಟಳೆ ಮಾತ್ರ ಇದ್ದಂತೆಯೇ ಇತ್ತು.

ಬಣ್ಣ ಬದಲಾದರೆ ಆಟವೇ ಬದಲಾಯಿತೆಂದು ನಂಬುವ ಈ ದೃಷ್ಟಿಗೆ ಎದುರಾಗಿ ನಿಂತ ಒಂದು ವಿಮರ್ಶಾ ಪಂಥವಿದೆ. ಅದರ ಋಣ ನನ್ನ ಮೇಲಿದೆ, ಅದರ ಜೊತೆ ತಕರಾರೂ ಇದೆ.

ಗೇಮುಗಳ ಗಂಭೀರ ವಿಮರ್ಶೆಗೆ ವಯಸ್ಸು ಕಡಿಮೆ. ಎಸ್ಪೆನ್ ಆರ್ಸೆತ್ ‘ಗೇಮ್ ಸ್ಟಡೀಸ್’ ಪತ್ರಿಕೆ ಶುರುಮಾಡಿದ್ದು 2001ರಲ್ಲಿ. ಆಗಿನ ದೊಡ್ಡ ಜಗಳ ಗೇಮನ್ನು ಕತೆಯಂತೆ ಓದಬೇಕೋ ಆಟದಂತೆಯೇ ನೋಡಬೇಕೋ ಎಂಬುದು. ಜಾನೆಟ್ ಮರ್ರಿ 1997ರ ತಮ್ಮ ಪುಸ್ತಕದಲ್ಲಿ ಟೆಟ್ರಿಸ್ ಆಟವನ್ನು 1990ರ ದಶಕದ ಅಮೆರಿಕನ್ನರ ದುಡಿತದ ಬದುಕಿನ ರೂಪಕವಾಗಿ ಓದಿದ್ದರು. ಮೇಲಿಂದ ಕೆಲಸ ಬೀಳುತ್ತಲೇ ಇರುತ್ತದೆ, ಜೋಡಿಸಿ ತೀರಿಸುವಷ್ಟರಲ್ಲಿ ಇನ್ನೊಂದು. ಟೆಟ್ರಿಸ್ ಹುಟ್ಟಿದ್ದಾದರೋ 1984ರ ಮಾಸ್ಕೋದಲ್ಲಿ, ಅಲೆಕ್ಸಿ ಪಜಿಟ್ನೊವ್ ಕೈಯಲ್ಲಿ. ಮರ್ರಿಯವರನ್ನು ಆಮೇಲೆ ಬಹಳ ಜನ ಹಂಗಿಸಿದರು. ಅಮೆರಿಕದ ಮಾತು ತಪ್ಪಿರಬಹುದು. ಆದರೆ ಬೀಳುವ ತುಂಡುಗಳ ವೇಗವೇ ಏನನ್ನೋ ಹೇಳುತ್ತಿದೆ ಎಂದು ಅವರಿಗೆ ಹೊಳೆದದ್ದು ದೊಡ್ಡದು. ಮುಂದಿನವರು ಹಿಡಿದ ದಾರಿಗೆ ಅದೇ ಮೊದಲ ಹೆಜ್ಜೆ ಎಂದೇ ನನ್ನ ಎಣಿಕೆ.

ಆ ದಾರಿಯನ್ನು ಹೆದ್ದಾರಿ ಮಾಡಿದವರು ಇಯಾನ್ ಬೊಗೊಸ್ಟ್. 2007ರ ‘ಪರ್ಸ್ಯುಯೇಸಿವ್ ಗೇಮ್ಸ್’ ಪುಸ್ತಕದಲ್ಲಿ ಅವರು ಪ್ರೊಸೀಜರಲ್ ರೆಟರಿಕ್ ಎಂದು ಕರೆದದ್ದನ್ನು ಕಟ್ಟಳೆಯಿಂದ ಮನವೊಲಿಸುವ ಕಲೆ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ಏನು ಮಾಡಿದರೆ ಏನಾಗುತ್ತದೆ, ಯಾವುದಕ್ಕೆ ಅಂಕ, ಯಾವುದಕ್ಕೆ ದಂಡ, ಯಾವ ಕೆಲಸಕ್ಕೆ ಗುಂಡಿಯೇ ಇಲ್ಲ ಎಂಬುದರಲ್ಲಿ ಗೇಮಿನ ರಾಜಕಾರಣ ಇರುತ್ತದೆ ಎಂಬುದು ಇದರ ತಿರುಳು.

ಇದಕ್ಕೆ ಉರುಗ್ವೆಯ ಗೊನ್ಸಾಲೊ ಫ್ರಾಸ್ಕಾ 2003ರಲ್ಲಿ ಮಾಡಿದ ‘ಸೆಪ್ಟೆಂಬರ್ 12’ಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಮಧ್ಯಪ್ರಾಚ್ಯದ್ದೆಂದು ತೋರುವ ಒಂದು ಊರು. ಸಂತೆ, ಮನೆ, ಹೆಂಗಸರು, ಮಕ್ಕಳು, ನಡುವೆ ಅಲ್ಲೊಬ್ಬ ಇಲ್ಲೊಬ್ಬ ಬಂದೂಕುಧಾರಿ. ನಮ್ಮ ಕೈಯಲ್ಲಿರುವುದು ಕ್ಷಿಪಣಿಯ ಗುರಿಕಣ್ಣು ಒಂದೇ. ಒತ್ತಿದೊಡನೆ ಕ್ಷಿಪಣಿ ಬೀಳುವುದಿಲ್ಲ, ಸ್ವಲ್ಪ ತಡೆದು ಬೀಳುತ್ತದೆ. ಅಷ್ಟರಲ್ಲಿ ಗುರಿಯಿಟ್ಟವನು ಮುಂದೆ ಹೋಗಿ, ಆ ಜಾಗಕ್ಕೆ ಬೇರೊಬ್ಬರು ಬಂದಿರುತ್ತಾರೆ. ಸತ್ತವರ ಸುತ್ತ ಜನ ಕೂಡಿ ಅಳುತ್ತಾರೆ, ಅಳುತ್ತಿದ್ದವರಲ್ಲಿ ಕೆಲವರು ಬಂದೂಕುಧಾರಿಗಳಾಗಿ ಎದ್ದು ನಿಲ್ಲುತ್ತಾರೆ. ಹೊಡೆದಷ್ಟೂ ಅವರು ಹೆಚ್ಚುತ್ತಾರೆ. ಗೆಲುವಿಲ್ಲ, ಅಂಕವಿಲ್ಲ. ಯುದ್ಧದ ವಿರುದ್ಧ ಒಂದು ವಾಕ್ಯವೂ ತೆರೆಯ ಮೇಲೆ ಬರುವುದಿಲ್ಲ. ಬರಬೇಕಾದ ಅಗತ್ಯವೂ ಇಲ್ಲ, ಏಕೆಂದರೆ ಆ ವಾಕ್ಯವನ್ನು ನಮ್ಮ ಬೆರಳೇ ಬರೆದಿರುತ್ತದೆ.

ಈ ಕಣ್ಣಿಂದ ನೋಡಿದರೆ ಹಳೆಯ ಆಟಗಳೂ ಹೊಸದಾಗಿ ಕಾಣುತ್ತವೆ. ನಮ್ಮ ಬೇಸಿಗೆ ರಜೆಗಳಲ್ಲಿ ಬೊಂಬಾಯಿ, ದಿಲ್ಲಿಗಳನ್ನು ಕೊಂಡು ಬಾಡಿಗೆ ವಸೂಲಿ ಮಾಡುತ್ತಿದ್ದ ‘ಬಿಸಿನೆಸ್’ ಆಟದ ಮೂಲವಿರುವುದು ಮೊನಾಪಲಿಯಲ್ಲಿ. ಅದರ ಮೂಲ 1904ರಲ್ಲಿ ಅಮೆರಿಕದ ಲಿಝಿ ಮೇಗಿ ಪೇಟೆಂಟ್ ಪಡೆದ ‘ಲ್ಯಾಂಡ್‌ಲಾರ್ಡ್ಸ್ ಗೇಮ್’. ಭೂಮಿಯ ಒಡೆತನದ ಅನ್ಯಾಯವನ್ನು ತೋರಿಸಲು ಮಾಡಿದ ಆ ಮಣೆಗೆ ಆಕೆ ಎರಡು ಬಗೆಯ ಕಟ್ಟಳೆ ಇಟ್ಟಳು. ಒಂದರಲ್ಲಿ ಒಬ್ಬ ಉಳಿದವರನ್ನೆಲ್ಲ ದಿವಾಳಿ ಎಬ್ಬಿಸಿ ಗೆಲ್ಲುತ್ತಾನೆ, ಇನ್ನೊಂದರಲ್ಲಿ ಹುಟ್ಟಿದ ಸಂಪತ್ತು ಎಲ್ಲರಿಗೂ ಸೇರುತ್ತದೆ. 1935ರಲ್ಲಿ ಪಾರ್ಕರ್ ಬ್ರದರ್ಸ್ ಕಂಪನಿ ಮೊನಾಪಲಿಯನ್ನು ಮಾರುಕಟ್ಟೆಗೆ ತಂದಾಗ ಮೊದಲನೆಯದಷ್ಟೇ ಉಳಿಯಿತು. ಮಣೆ ಹೆಚ್ಚುಕಡಿಮೆ ಅದೇ. ಕಟ್ಟಳೆ ಅರ್ಧ ಹೋದ ಮೇಲೆ ಅನ್ಯಾಯದ ಪಾಠ ಅನ್ಯಾಯದ ಸಂಭ್ರಮವಾಯಿತು. ಕಟ್ಟಳೆಯಲ್ಲಿ ರಾಜಕಾರಣವಿಲ್ಲ ಎನ್ನುವವರಿಗೆ ನಾನು ತೋರಿಸುವುದು ಈ ಮಣೆಯನ್ನೇ.

ಪಂಥದ ಅತ್ಯುತ್ತಮ ಫಲ ಯಾವುದೆಂದರೆ ಲ್ಯೂಕಸ್ ಪೋಪ್ ಅವರ 2013ರ ‘ಪೇಪರ್ಸ್, ಪ್ಲೀಸ್’ ಎನ್ನುತ್ತೇನೆ. 1982ರ ಒಂದು ಕಲ್ಪಿತ ಸರ್ವಾಧಿಕಾರಿ ದೇಶ. ನಾವು ಗಡಿಯಲ್ಲಿ ಪಾಸ್‌ಪೋರ್ಟ್ ನೋಡಿ ಮುದ್ರೆ ಒತ್ತುವ ಗುಮಾಸ್ತರು. ಎಷ್ಟು ಜನರ ಕಾಗದ ನೋಡಿದೆವೋ ಅಷ್ಟು ಸಂಬಳ, ಸಂಜೆ ಅದರಲ್ಲೇ ಮನೆಯವರ ಊಟ, ಔಷಧಿ, ಚಳಿ ಕಾಯಿಸುವ ಖರ್ಚು. ಗಂಡನ ಕಾಗದ ಸರಿ ಇರುತ್ತದೆ. ಹಿಂದೆ ನಿಂತ ಹೆಂಡತಿಯದು ಸರಿ ಇರುವುದಿಲ್ಲ. ಬಿಡುವುದೋ ಬೇಡವೋ? ದಿನಕ್ಕೆ ಎರಡು ತಪ್ಪಿಗೆ ಬರೀ ಎಚ್ಚರಿಕೆ, ಮೂರನೆಯದರಿಂದ ಸಂಬಳಕ್ಕೆ ಕತ್ತರಿ. ಮೊದಲ ಸಲ ಆಡಿದಾಗ ಈ ಲೆಕ್ಕ ನನ್ನ ಗಮನಕ್ಕೇ ಬಂದಿರಲಿಲ್ಲ. ಕೆಲವು ದಿನ ಕಳೆದ ಮೇಲೆ ನೋಡಿದರೆ ನಾನು ಕರುಣೆಯನ್ನು ಉಳಿತಾಯ ಮಾಡುತ್ತಿದ್ದೆ. ಬೆಳಿಗ್ಗೆಯೇ ಎರಡು ತಪ್ಪು ಆಗಿಹೋಗಿದ್ದರೆ ಮಧ್ಯಾಹ್ನ ಬಂದ ಹೆಂಗಸು ಎಷ್ಟು ಅಂಗಲಾಚಿದರೂ ಮನಸ್ಸು ಕದಲುತ್ತಿರಲಿಲ್ಲ. ದಯೆ ತೋರಲು ದಿನಕ್ಕಿಷ್ಟೆಂದು ಪಡಿ ಅಳೆದಿಟ್ಟ ಒಂದು ವ್ಯವಸ್ಥೆ ಮನುಷ್ಯನನ್ನು ಹೇಗೆ ತಯಾರು ಮಾಡುತ್ತದೆ ಎಂಬುದನ್ನು ಓದಿ ತಿಳಿಯುವುದು ಬೇರೆ, ನನ್ನ ಕೈಯಲ್ಲೇ ಅದು ನಡೆಯುವುದನ್ನು ಕಾಣುವುದು ಬೇರೆ.

ಇಂಥ ಓದಿಗೆ ಪಂಡಿತರೇ ಆಗಬೇಕಿಲ್ಲ. 2018ರಲ್ಲಿ ‘ಸಿವಿಲೈಸೇಷನ್ 6’ ಗೇಮು ಕೆನಡಾದ ಮೂಲನಿವಾಸಿ ಕ್ರೀ ಜನರ ಮುಖಂಡ ಪೌಂಡ್‌ಮೇಕರನನ್ನು ನಾಯಕನಾಗಿ ಸೇರಿಸಿತು. ಚಿತ್ರದಲ್ಲಿ ಅವಮಾನ ಇರಲಿಲ್ಲ, ಗೌರವವೇ ಇತ್ತು. ಆದರೂ ಆ ಸಮುದಾಯದ ಚುನಾಯಿತ ಮುಖಂಡರೊಬ್ಬರು ಆಕ್ಷೇಪಿಸಿದರು. ಪರರ ನೆಲ ಗೆಲ್ಲುವುದೇ ಗುರಿಯಾದ ಆಟದಲ್ಲಿ ತಮ್ಮ ಹಿರಿಯನನ್ನು ಕೂರಿಸಿದರೆ, ವಸಾಹತುಗಾರರ ಮೌಲ್ಯವೇ ತಮ್ಮವರದ್ದೂ ಆಗಿತ್ತು ಎಂಬ ಸುಳ್ಳು ಹಬ್ಬುತ್ತದೆ ಎಂಬುದು ಅವರ ಮಾತಿನ ಸಾರ. ನಾನು ಓದಿದ ಗೇಮ್ ವಿಮರ್ಶೆಗಳಲ್ಲಿ ಇಷ್ಟು ನೇರವಾಗಿ ಕಟ್ಟಳೆಗೇ ಕೈ ಹಾಕಿದವು ಕಡಿಮೆ.

ಇನ್ನು ತಕರಾರು.

ಕಟ್ಟಳೆಯೇ ಎಲ್ಲವನ್ನೂ ಹೇಳುತ್ತದೆ ಎಂದು ಹೊರಟರೆ ಮೊದಲ ಎಡವು ಸಿಗುವುದು ಬಂದೂಕಿನ ಗೇಮುಗಳಲ್ಲೇ. 2002ರ ಜುಲೈ 4ರಂದು ಅಮೆರಿಕದ ಸೇನೆ, ಯುವಕರನ್ನು ಸೇನೆಗೆ ಸೆಳೆಯಲೆಂದು ‘ಅಮೆರಿಕಾಸ್ ಆರ್ಮಿ’ ಎಂಬ ಗೇಮನ್ನು ಪುಕ್ಕಟೆ ಬಿಟ್ಟಿತು. ಮರುವರ್ಷ ಲೆಬನಾನಿನ ಹಿಜ್ಬುಲ್ಲಾ ‘ಸ್ಪೆಷಲ್ ಫೋರ್ಸ್’ ಹೊರತಂದಿತು. ಅಲ್ಲಿ ಎದುರಾಳಿ ಇಸ್ರೇಲಿ ಸೈನಿಕ. ಗುರಿಯಿಡು, ಮರೆಯಾಗು, ಹೊಡೆ, ಮುಂದಕ್ಕೆ ಸಾಗು ಎಂಬ ಮೂಳೆಗಟ್ಟು ಎರಡರಲ್ಲೂ ಒಂದೇ. ರಾಜಕಾರಣ ಮಾತ್ರ ಪೂರ್ವ ಪಶ್ಚಿಮ. ಆ ವ್ಯತ್ಯಾಸವನ್ನೆಲ್ಲ ಹೊತ್ತಿರುವುದು ಸಮವಸ್ತ್ರ, ಧ್ವಜ, ಮುಖ. ಅಂದರೆ ಪಂಥ ಬದಿಗೆ ಸರಿಸಿದ ಚಿತ್ರವೇ. ಅಮೆರಿಕಾಸ್ ಆರ್ಮಿಯಲ್ಲಂತೂ ಎರಡು ತಂಡಗಳು ಎದುರುಬದುರು ಆಡಿದಾಗ ಪ್ರತಿ ತಂಡಕ್ಕೂ ತಾನೇ ಅಮೆರಿಕದ ಸೇನೆಯಾಗಿ, ಎದುರಿನವರು ಶತ್ರುಗಳಾಗಿ ಕಾಣುತ್ತಿದ್ದರು. ಭಯೋತ್ಪಾದಕನ ಕಡೆಯಿಂದ ಆಡಲು ಯಾರಿಗೂ ಅವಕಾಶವಿರಲಿಲ್ಲ. ಇದು ಕಟ್ಟಳೆಯೋ ಚಿತ್ರವೋ? ಎರಡನ್ನೂ ಹೆಣೆದು ನೋಡದೆ ಇದರ ಜಾಣತನ ಬಿಡಿಸಲಾಗುವುದಿಲ್ಲ.

ಎರಡನೆಯ ತಕರಾರನ್ನು ಮಿಗೆಲ್ ಸಿಕಾರ್ಟ್ 2011ರ ಪ್ರಬಂಧದಲ್ಲಿ ನನಗಿಂತ ಚೆನ್ನಾಗಿ ಎತ್ತಿದ್ದಾರೆ. ಅರ್ಥವೆಲ್ಲ ಕಟ್ಟಳೆಯಲ್ಲೇ ಇದ್ದರೆ ಆಡುವವನು ಅದನ್ನು ಓಡಿಸುವ ಗಾಣದೆತ್ತು ಮಾತ್ರ ಆಗುತ್ತಾನೆ. ಆಟ ಎಂದರೆ ಅಷ್ಟೇ ಅಲ್ಲವೆಂದು ನನಗೆ ಗೊತ್ತಾದದ್ದು ಪುಸ್ತಕದಿಂದಲ್ಲ, ಅಳಗುಳಿ ಮಣೆಯಿಂದ. ಹದಿನಾಲ್ಕು ಗುಳಿ, ಹುಣಸೆ ಬೀಜ, ಎದುರಿಗೆ ಅಜ್ಜಿ. ಕಟ್ಟಳೆಯ ಪ್ರಕಾರ ಅವಳು ನನ್ನನ್ನು ಬರಿದು ಮಾಡಬೇಕು. ಅವಳೋ ಬೇಕೆಂದೇ ಬೇರೆ ಗುಳಿಯಿಂದ ಬೀಜ ಎತ್ತಿ, ನನಗೆ ತುಂಬಿದ ಗುಳಿ ಸಿಗುವಂತೆ ಮಾಡುತ್ತಿದ್ದಳು. ಕಟ್ಟಳೆಯ ಪುಸ್ತಕ ಓದಿದವರಿಗೆ ಅದು ತಪ್ಪು ನಡೆ. ಮೊಮ್ಮಗುವನ್ನು ಇನ್ನೊಂದು ಗಳಿಗೆ ಎದುರಿಗೆ ಕೂರಿಸಿಕೊಳ್ಳಬೇಕೆಂದಿದ್ದವಳಿಗೆ ಅದೇ ಸರಿಯಾದ ನಡೆ.

ಬೊಗೊಸ್ಟ್ ಅವರ ಸ್ವಂತ ಕೃತಿಗಳೇ ಈ ಕೊರತೆಯನ್ನು ತೋರಿಸಿಕೊಟ್ಟವು. ಅದನ್ನು ಮುಚ್ಚಿಡದೆ ಮಾತಾಡಿದ್ದಕ್ಕೆ ಅವರ ಬಗ್ಗೆ ನನಗೆ ಗೌರವವಿದೆ. ಹವರ್ಡ್ ಡೀನ್ ಅಮೆರಿಕದ ಅಧ್ಯಕ್ಷ ಅಭ್ಯರ್ಥಿಯಾಗಲು ಹೊರಟಾಗ, 2003ರ ಡಿಸೆಂಬರಿನಲ್ಲಿ, ಬೊಗೊಸ್ಟ್ ಅವರೂ ಫ್ರಾಸ್ಕಾ ಅವರೂ ಸೇರಿ ಪ್ರಚಾರದ ಗೇಮೊಂದನ್ನು ಮಾಡಿಕೊಟ್ಟರು. ಮನೆ ಮನೆಗೆ ಹೋಗುವುದು, ಫಲಕ ಹಿಡಿದು ನಿಲ್ಲುವುದು ಎಲ್ಲ ಅದರಲ್ಲಿತ್ತು. ಡೀನ್ ಏನು ಮಾಡಬಯಸುತ್ತಾನೆ ಎಂಬುದೇ ಇರಲಿಲ್ಲ. ಆಮೇಲೆ ಬೊಗೊಸ್ಟ್ ತಾವೇ ಇದನ್ನು ಎತ್ತಿ ತೋರಿಸಿದರು. 2010ರಲ್ಲಿ ಫೇಸ್‌ಬುಕ್ ಗೇಮುಗಳ ಪೊಳ್ಳನ್ನು ಬಯಲು ಮಾಡಲೆಂದು ಅವರು ‘ಕೌ ಕ್ಲಿಕರ್’ ಮಾಡಿದರು. ಒಂದು ಹಸು. ಆರು ಗಂಟೆಗೊಮ್ಮೆ ಅದರ ಮೇಲೆ ಒತ್ತಬಹುದು. ಕಾಯಲಾರದಿದ್ದರೆ ದುಡ್ಡು ಕೊಟ್ಟು ಬೇಗ ಒತ್ತಬಹುದು. ಅಷ್ಟೇ ಆಟ. ಕಟ್ಟಳೆಯೇ ವಾದವಾಗಿದ್ದರೆ ಇದನ್ನು ಕಂಡು ಜನ ನಾಚಿ ಫೇಸ್‌ಬುಕ್ ಗೇಮು ಬಿಡಬೇಕಿತ್ತು. ಸಾವಿರಾರು ಜನ ಮನಸ್ಸಿಟ್ಟು ಆಡಿದರು. ಕೊನೆಗೆ 2011ರಲ್ಲಿ ಬೊಗೊಸ್ಟ್ ಹಸುಗಳನ್ನೆಲ್ಲ ಮಾಯ ಮಾಡಿದರು. ಬರಿದಾದ ಆ ಜಾಗದ ಮೇಲೂ ಕೆಲವರು ಒತ್ತುತ್ತಲೇ ಹೋದರು. ಅವರು ಮೋಸಹೋದವರು ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ದಿನಕ್ಕೆ ನಾಲ್ಕು ಸಲ ಒಂದು ಕಡೆ ಹೋಗಿ, ಪರಿಚಯದವರ ಹೆಸರು ನೋಡಿ ಬರುವ ರೂಢಿಯಲ್ಲಿ ಅವರಿಗೆ ಏನೋ ಸಿಕ್ಕಿತ್ತು. ಪಂಥದ ಲೆಕ್ಕದಲ್ಲಿ ಆ ‘ಏನೋ’ಗೆ ಕಲಮು ಇರಲಿಲ್ಲ.

ಈ ಕುರುಡುತನದ ಬೆಲೆ 2014ರಲ್ಲಿ ಗೊತ್ತಾಯಿತು. ಅನಿಟಾ ಸಾರ್ಕೀಸಿಯನ್ ಅದಕ್ಕೆ ಒಂದು ವರ್ಷ ಮೊದಲಿನಿಂದ ಗೇಮುಗಳಲ್ಲಿ ಹೆಣ್ಣಿನ ಸ್ಥಾನ ಕುರಿತು ವಿಡಿಯೊ ವಿಮರ್ಶೆ ಮಾಡುತ್ತಿದ್ದರು. ಆಕೆ ಬರೀ ಬಟ್ಟೆ ಬರೆಯ ಮಾತಾಡಿದರೆಂದು ಈಗಲೂ ಹೇಳುವವರಿದ್ದಾರೆ, ಅದು ಅನ್ಯಾಯ. ರಾಜಕುಮಾರಿಯನ್ನು ಕದ್ದು ಒಯ್ದು, ಕೊನೆಯ ಲೆವೆಲ್ಲಿನಲ್ಲಿ ಬಹುಮಾನವಾಗಿ ಕೊಡುವ ಕಟ್ಟಳೆಯಲ್ಲಿ ಹೆಣ್ಣು ಆಡುವವಳಲ್ಲ, ಗೆಲ್ಲುವ ವಸ್ತು ಎಂದು ತೋರಿಸಿದ್ದು ಆಕೆಯೇ. ಚಿತ್ರವನ್ನೂ ಕಟ್ಟಳೆಯನ್ನೂ ಕೂಡಿಸಿ ಓದಿದ ವಿಮರ್ಶೆ ಅದು. ಗೇಮರ್‌ಗೇಟ್ ಎಂಬ ಹೆಸರಿನಲ್ಲಿ ಎದ್ದ ಗುಂಪು ಪತ್ರಿಕಾನೀತಿಯ ಮಾತಾಡುತ್ತ ಹೆಣ್ಣುಮಕ್ಕಳನ್ನು, ಅವರ ಪರ ನಿಂತವರನ್ನು ಬೆದರಿಸಿ ಬೆನ್ನಟ್ಟಿತು. ಆ ಅಕ್ಟೋಬರಿನಲ್ಲಿ ಯೂಟಾ ರಾಜ್ಯ ವಿಶ್ವವಿದ್ಯಾಲಯದಲ್ಲಿ ಆಕೆಯ ಉಪನ್ಯಾಸಕ್ಕೆ ಬಂದವರನ್ನೆಲ್ಲ ಗುಂಡಿಟ್ಟು ಕೊಲ್ಲುವ ಬೆದರಿಕೆ ಬಂತು. ಅಲ್ಲಿನ ಕಾನೂನಿನಂತೆ ಸಭೆಗೆ ಬಂದೂಕು ತರುವುದನ್ನು ತಡೆಯಲಾಗದು ಎಂದಾಗ ಆಕೆ ಉಪನ್ಯಾಸ ರದ್ದು ಮಾಡಿದರು. ಆಟದೊಳಗಿನ ಕಟ್ಟಳೆಯನ್ನಷ್ಟೇ ಓದಲು ಕಲಿತ ಪಂಥಕ್ಕೆ ಆಟದ ಅಂಗಳದಿಂದ ಯಾರನ್ನು ಹೊರಗಟ್ಟುತ್ತಾರೆ ಎಂಬ ಪ್ರಶ್ನೆಯನ್ನು ಕೇಳುವ ಭಾಷೆಯೇ ತನ್ನೊಳಗೆ ಇರಲಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಾಗಿದ್ದೂ ಅದರ ಮೊದಲ ಪಾಠ ನಮ್ಮಲ್ಲಿ ಇನ್ನೂ ಬಂದಿಲ್ಲ. ಕರ್ನಾಟಕ 2021ರ ಅಕ್ಟೋಬರಿನಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಕಲಮುಗಳನ್ನು ರದ್ದು ಮಾಡಿತು. ಅಲ್ಲಿ ವಾದ ನಡೆದದ್ದು ಕೌಶಲವೋ ಅದೃಷ್ಟವೋ ಎಂಬುದರ ಸುತ್ತ. 2025ರ ಆಗಸ್ಟಿನ ಕೇಂದ್ರ ಕಾಯ್ದೆ ಆ ಭೇದವನ್ನೇ ಬಿಟ್ಟು, ಎರಡಕ್ಕೂ ಒಂದೇ ಬೀಗ ಹಾಕಿತು. ಬೆಲ್ಜಿಯಂನ ಜೂಜು ಆಯೋಗ 2018ರಲ್ಲಿ ಬೇರೆ ದಾರಿ ಹಿಡಿದಿತ್ತು: ಕೆಲವು ಜನಪ್ರಿಯ ಗೇಮುಗಳ ಲೂಟ್ ಬಾಕ್ಸ್, ಅಂದರೆ ಒಳಗೇನಿದೆ ಎಂದು ತಿಳಿಯದೆ ದುಡ್ಡು ಕೊಟ್ಟು ತೆರೆಯುವ ಪೆಟ್ಟಿಗೆ, ಹೇಗೆ ಕೆಲಸ ಮಾಡುತ್ತದೆ ಎಂದು ಬಿಚ್ಚಿ ನೋಡಿ ಅದನ್ನು ಜೂಜು ಎಂದಿತು.

ಇಂಥ ಬಿಚ್ಚಿ ನೋಡುವಿಕೆ ನಮಗೆ ಹೊಸದೇನಲ್ಲ. ಹಸ್ತಿನಾವತಿಯ ಸಭೆಯಲ್ಲಿ ದಾಳ ಕಪಟದ್ದೋ ಅಲ್ಲವೋ ಎಂದು ದ್ರೌಪದಿ ಕೇಳಲಿಲ್ಲ. ಮೊದಲು ತನ್ನನ್ನೇ ಸೋತವನಿಗೆ ಇನ್ನೊಬ್ಬರನ್ನು ಪಣವಿಡುವ ಹಕ್ಕು ಎಲ್ಲಿಂದ ಬಂತು ಎಂದು ಕೇಳಿದಳು. ಅದು ಕಟ್ಟಳೆಯ ಪ್ರಶ್ನೆ, ಅಷ್ಟೇ ಮಟ್ಟಿಗೆ ಆ ಸಭೆಯಲ್ಲಿ ಕೂತವರ ಪ್ರಶ್ನೆ.

ಕನ್ನಡ ಪತ್ರಿಕೆಗಳಲ್ಲಿ ನಾನು ಗೇಮುಗಳನ್ನು ಕಂಡಿರುವುದು ಹೆಚ್ಚಾಗಿ ಅಪರಾಧ ಸುದ್ದಿಯ ಪುಟದಲ್ಲಿ, ಇಲ್ಲವೆ ಹೊಸ ಫೋನುಗಳ ಪುಟದಲ್ಲಿ. ನಾಟಕಕ್ಕೆ, ಸಿನಿಮಾಕ್ಕೆ ಕೊಡುವ ಜಾಗ ಇದಕ್ಕೂ ಸಿಗಬೇಕು. ಬಿಜಿಎಂಐ ಬಗ್ಗೆ ಬರೆಯುವವರು ಹಸಿರು ರಕ್ತವನ್ನು ಸ್ವಲ್ಪ ಹೊತ್ತು ಮರೆತು, ಒಂದು ಕ್ರೇಟ್ (ಅದರ ಲೂಟ್ ಬಾಕ್ಸ್) ತೆರೆಯಲು ಎಷ್ಟು ಯುಸಿ (ಆಟದೊಳಗಿನ ನಾಣ್ಯ) ಬೇಕು, ಬೇಕಾದ ಗನ್ ಸ್ಕಿನ್ ಸಿಗುವ ತನಕ ಎಷ್ಟು ಕ್ರೇಟ್ ತೆರೆಯಬೇಕಾಯಿತು, ದಿನ ಬಿಡದೆ ಲಾಗಿನ್ ಆದವರಿಗೆ ಏನು ಸಿಗುತ್ತದೆ, ಅಪ್ರಾಪ್ತರಿಗೆಂದು ಇಟ್ಟ ದಿನಕ್ಕೆ 3 ಗಂಟೆಯ ಮಿತಿ ಮನೆಯಲ್ಲಿ ನಿಜಕ್ಕೂ ಹೇಗೆ ನಡೆಯುತ್ತದೆ ಎಂದು ಆಡುವ ಹುಡುಗರ ಪಕ್ಕದಲ್ಲಿ ಕೂತು ಬರೆದುಕೊಳ್ಳಲಿ. ಸ್ಕ್ವಾಡ್‌ನಲ್ಲಿ ಮೈಕ್ ಆನ್ ಮಾಡಿದ ಹುಡುಗಿಯ ದನಿ ಕೇಳಿದೊಡನೆ ಉಳಿದ ಮೂವರು ಏನು ಮಾತಾಡುತ್ತಾರೆ ಎಂಬುದನ್ನೂ.