ಅರ್ಜಿ ಬೇರೆ, ಪಹಣಿ ಬೇರೆ

ಜಾವಾದಲ್ಲಿ ವೆಬ್ ಅಪ್ಲಿಕೇಶನ್ ಬರೆಯೋರಿಗೆ ಡೇಟಾ ಬೈಂಡಿಂಗ್ ದೊಡ್ಡ ಅನುಕೂಲ. ಪರದೆ ಮೇಲಿನ ಪೆಟ್ಟಿಗೆಯನ್ನು ಜಾವಾ ಆಬ್ಜೆಕ್ಟಿನ ಒಂದು ಫೀಲ್ಡಿಗೆ ಗಂಟು ಹಾಕಿದರೆ ಮುಗೀತು, ಟೈಪ್ ಮಾಡಿದ್ದು ತಾನಾಗಿಯೇ ಅಲ್ಲಿ ಹೋಗಿ ಕೂರುತ್ತೆ. ಬರೀ ಸರ್ವ್ಲೆಟ್ ಇದ್ದ ಕಾಲದಲ್ಲಿ ಇಪ್ಪತ್ತು ಫೀಲ್ಡಿನ ಫಾರ್ಮಿಗೆ ಇಪ್ಪತ್ತು ಸಲ ಗೆಟ್‌ಪ್ಯಾರಾಮೀಟರ್ ಬರೀಬೇಕಿತ್ತು. ಸ್ಟ್ರಟ್ಸ್ ಬಂತು, 2004ರಲ್ಲಿ ಜೆಎಸ್ಎಫ್ ಬಂತು, ಸ್ಪ್ರಿಂಗ್ ಎಂವಿಸಿ, ವಾಡಿನ್ ಬಂದವು, ಆ ಕೂಲಿ ಕೆಲಸ ತಪ್ಪಿತು. ಅದರ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರೋದು ಆ ಗಂಟನ್ನು ನೇರವಾಗಿ ಎಂಟಿಟಿಗೇ, ಅಂದರೆ ಡೇಟಾಬೇಸ್ ಟೇಬಲ್ಲಿನ ಪಡಿಯಚ್ಚಿಗೇ ಹಾಕೋ ನಮ್ಮ ಅಭ್ಯಾಸದ ಮೇಲೆ.

ಹಳ್ಳಿಯಿಂದ ಬಂದವನು, ಜಮೀನಿನ ಉದಾಹರಣೆಯನ್ನೇ ಕೊಡ್ತೀನಿ. ನಮ್ಮ ಕಡೆ ‘2.15’ ಅಂತ ಬರೆದರೆ ಅದು ಎರಡು ಎಕರೆ ಹದಿನೈದು ಗುಂಟೆ. ಎಕರೆಗೆ 40 ಗುಂಟೆ. ಆ ಚುಕ್ಕಿ ದಶಮಾಂಶದ್ದಲ್ಲ, ಎಕರೆಗೂ ಗುಂಟೆಗೂ ನಡುವೆ ಹಾಕಿದ ಬದು. ಈಗ ವಿಸ್ತೀರ್ಣದ ಪೆಟ್ಟಿಗೆಯನ್ನು ಒಂದು ಬಿಗ್‌ಡೆಸಿಮಲ್ ಫೀಲ್ಡಿಗೆ ಬೈಂಡ್ ಮಾಡಿ ನೋಡಿ. ಫ್ರೇಮ್‌ವರ್ಕ್ 2.15ನ್ನು ತಕ್ಷಣ ಒಪ್ಪಿಕೊಳ್ಳುತ್ತೆ. ವ್ಯಾಲಿಡೇಶನ್ ಪಾಸ್, ಟೆಸ್ಟ್ ಪಾಸ್. ಆದರೆ ದಶಮಾಂಶದ ಲೆಕ್ಕದಲ್ಲಿ 0.15 ಎಕರೆ ಅಂದರೆ ಆರೇ ಗುಂಟೆ. ಒಂಬತ್ತು ಗುಂಟೆ ಮಾಯ!

ನಾನೀಗ ಇರೋ ಯಡಿಯೂರಿನ ಭಾಷೆಯಲ್ಲಿ ಹೇಳೋದಾದರೆ, ಗುಂಟೆಗೆ 1089 ಚದರಡಿ, ಒಂಬತ್ತು ಗುಂಟೆ ಅಂದರೆ 30-40ರ ಎಂಟು ಸೈಟು. ಯಡಿಯೂರು ಕೆರೆ ಸುತ್ತ ಎಂಟು ಸೈಟಿಗೆ ಏನು ಬೆಲೆ ಅಂತ ನಿಮಗೇ ಗೊತ್ತು. ಅಣ್ಣ ತಮ್ಮಂದಿರ ಭಾಗ 2.20, 2.20 ಕೂಡಿಸಿದರೆ ಕಂಪ್ಯೂಟರ್ 4.40 ಅನ್ನುತ್ತೆ, ನಮ್ಮಪ್ಪ ಐದು ಎಕರೆ ಅಂತಾರೆ. ಗೇಣು ಬದುವಿಗಾಗಿ ಕೋರ್ಟು ಮೆಟ್ಟಿಲು ಹತ್ತೋ ಕಡೆ ಇದು ಸಣ್ಣ ಮಾತಲ್ಲ. ಎಲ್ಲೂ ಎರರ್ ಬರೋದಿಲ್ಲ, ಅಪಾಯ ಇರೋದೇ ಅಲ್ಲಿ. ಬೈಂಡಿಂಗ್ ಅಂಕಿಯನ್ನು ಸಾಗಿಸುತ್ತೆ, ಅದರ ಅರ್ಥವನ್ನಲ್ಲ.

ಕಂದಾಯ ಇಲಾಖೆಯನ್ನು ಬೈಯೋದು ನಮಗೆಲ್ಲ ಸುಲಭ. ಆದರೆ ಒಂದು ವಿಷಯ ಅವರಿಂದ ಕಲೀಬೇಕು. ‘ಭೂಮಿ’ ಬಂದು ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಏರಿದ ಮೇಲೂ ಒಂದು ಪದ್ಧತಿ ಉಳಿದಿದೆ. ಜಮೀನು ಕೈ ಬದಲಾದರೆ ಮೊದಲು ಅರ್ಜಿ ಅಥವಾ ನೋಂದಣಿ ಪತ್ರ, ಆಮೇಲೆ ನೋಟಿಸು, ತಕರಾರು ಹೇಳೋಕೆ ಕಾಲಾವಕಾಶ, ನಂತರ ಮ್ಯುಟೇಶನ್. ಅದಾದ ಮೇಲೇ ಪಹಣಿಯ 9ನೇ ಕಾಲಂಗೆ ಹೊಸ ಹೆಸರು. ಅರ್ಜಿದಾರನ ಕೈಗೇ ಪೆನ್ನು ಕೊಟ್ಟು ‘ಬರ್ಕೋಪ್ಪಾ’ ಅನ್ನೋದಿಲ್ಲ. ಎಂಟಿಟಿಗೆ ನೇರ ಬೈಂಡ್ ಮಾಡೋದು ಅಂದರೆ ಆ ಪೆನ್ನು ಕೊಟ್ಟ ಹಾಗೆ.

ಕೆಲಸದಲ್ಲಿ ನಾನೇ ಕಂಡ ಒಂದು ಪ್ರಸಂಗ. ಸ್ಪ್ರಿಂಗ್ ಬೂಟ್‌ನಲ್ಲಿ ಓಪನ್-ಇನ್-ವ್ಯೂ ಡೀಫಾಲ್ಟಾಗಿ ಆನ್ ಇರುತ್ತೆ, ರಿಕ್ವೆಸ್ಟ್ ಮುಗಿಯೋವರೆಗೂ ಹೈಬರ್ನೇಟ್ ಎಂಟಿಟಿ ಮೇಲೆ ಕಣ್ಣಿಟ್ಟಿರುತ್ತೆ. ಫಾರ್ಮಿನ ಮೌಲ್ಯಗಳು ಎಂಟಿಟಿಗೆ ಬಿದ್ದವು, ಬಿಸಿನೆಸ್ ನಿಯಮದಲ್ಲಿ ತಪ್ಪಿದವು, ಬಳಕೆದಾರನಿಗೆ ಕೆಂಪಕ್ಷರದ ಸಂದೇಶವೂ ಹೋಯಿತು. ಆದರೆ ‘ಪ್ರಯತ್ನ ವಿಫಲ’ ಅಂತ ಲಾಗ್ ಟೇಬಲ್ಲಿಗೆ ಬರೆಯೋ ಟ್ರಾನ್ಸಾಕ್ಷನ್ ಕಮಿಟ್ ಆದಾಗ, ಅದರ ಜೊತೆ ತಿರಸ್ಕೃತ ಮೌಲ್ಯಗಳೂ ಸೇವ್ ಆದವು. ಸೇವ್ ಅಂತ ಯಾರೂ ಕರೆದಿರಲಿಲ್ಲ.

ಬೇಲಿ ಇಲ್ಲದ ಹೊಲಕ್ಕೆ ನುಗ್ಗೋರೂ ಇದ್ದಾರೆ. 2022ರ ಮಾರ್ಚ್‌ನಲ್ಲಿ ಸ್ಪ್ರಿಂಗ್4ಶೆಲ್ ಗದ್ದಲ ನೆನಪಿರಬಹುದು. ಫಾರ್ಮಿನಲ್ಲಿ ಇಲ್ಲವೇ ಇಲ್ಲದ ಹೆಸರುಗಳನ್ನು ಕಳಿಸಿ, ಬೈಂಡಿಂಗಿನ ದಾರಿಯಲ್ಲೇ ಕ್ಲಾಸ್‌ಲೋಡರ್‌ವರೆಗೆ ಹೋಗಬಹುದಿತ್ತು. ಅದೇ ಬಾಗಿಲನ್ನು 2010ರಲ್ಲಿ ಒಮ್ಮೆ ಮುಚ್ಚಿದ್ದರು. ಜಾವಾ 9ರಲ್ಲಿ ಬಂದ ಮಾಡ್ಯೂಲ್ ಎಂಬ ಹೊಸ ಪ್ರಾಪರ್ಟಿ ಅದನ್ನು ಮತ್ತೆ ತೆರೆದಿತ್ತು.

ಫ್ರೇಮ್‌ವರ್ಕ್ ಬರೆದವರಿಗೆ ಇದು ಗೊತ್ತಿಲ್ಲ ಅಂತಲ್ಲ. ಜೆಎಸ್ಎಫ್ ತನ್ನ ಆರು ಹಂತಗಳಲ್ಲಿ ವ್ಯಾಲಿಡೇಶನ್ ಮುಗಿಯದೆ ಮಾಡೆಲ್ ಮುಟ್ಟೋದಿಲ್ಲ. ಸ್ಪ್ರಿಂಗ್‌ನಲ್ಲಿ ಯಾವ ಫೀಲ್ಡಿಗೆ ಮಾತ್ರ ಪ್ರವೇಶ ಅಂತ ಪಟ್ಟಿ ಕೊಡಬಹುದು. ವಾಡಿನ್ 8ರ ಬೈಂಡರ್‌ನಲ್ಲಿ ಎರಡು ದಾರಿ: ಸೆಟ್‌ಬೀನ್ ಅಂದರೆ ಒಪ್ಪಿದ್ದೆಲ್ಲ ಆ ಕ್ಷಣವೇ ಆಬ್ಜೆಕ್ಟಿಗೆ, ರೀಡ್‌ಬೀನ್, ರೈಟ್‌ಬೀನ್ ಅಂದರೆ ಎಲ್ಲ ಸರಿ ಇದ್ದರೆ ಮಾತ್ರ, ನೀವು ಹೇಳಿದಾಗ. ನಾವು ಆರಿಸೋದು ಮಾತ್ರ ಬೇಗ ಡೆಮೋ ಆಗೋದನ್ನ.

‘ಫಾರ್ಮಿಗೊಂದು ಕ್ಲಾಸು, ಟೇಬಲ್ಲಿಗೊಂದು ಕ್ಲಾಸು, ಡಬಲ್ ಕೆಲಸ ಯಾಕೆ ಗುರು?’ ಅಂತ ಕೇಳ್ತಾರೆ. ಪಿನ್‌ಕೋಡ್ ಪಟ್ಟಿ ತಿದ್ದೋ ಸಣ್ಣ ಸ್ಕ್ರೀನಿಗೆ ಬೇಡ, ಒಪ್ಪಿದೆ. ಆದರೆ ಆಸ್ತಿ, ಸಂಬಳ, ಔಷಧಿಯ ಡೋಸ್ ಇರೋ ಕಡೆ ಅರ್ಜಿಗೆ ಬೇರೆ ಕ್ಲಾಸು ಬೇಕೇ ಬೇಕು. ಅದರಲ್ಲಿ ಎಕರೆ ಒಂದು ಫೀಲ್ಡು, ಗುಂಟೆ ಇನ್ನೊಂದು. ಅಲ್ಲಿಂದ ಎಂಟಿಟಿಗೆ ದಾಟಿಸೋ ನಾಲ್ಕು ಸಾಲನ್ನು ಮನುಷ್ಯ ಬರೀಲಿ, ಇನ್ನೊಬ್ಬ ಓದಲಿ.

ಮುಂದಿನ ಕೋಡ್ ರಿವ್ಯೂನಲ್ಲಿ ಒಂದೇ ಪರೀಕ್ಷೆ ಮಾಡಿ. ವಿಸ್ತೀರ್ಣದ ಪೆಟ್ಟಿಗೆಯಲ್ಲಿ 2.45 ಅಂತ ಹಾಕಿ. ಗುಂಟೆ ನಲವತ್ತು ದಾಟೋಕಾಗಲ್ಲ ಅಂತ ಅದು ತಕರಾರು ಮಾಡಲಿಲ್ಲವಾ? ಪುಲ್ ರಿಕ್ವೆಸ್ಟ್ ವಾಪಸ್ ಕಳಿಸಿ.